ಅಜ್ಜಿಯರ ಸಾಲಿನಲ್ಲಿ ನನ್ನ ಮಗಳು

ತುಮಕೂರಿನಿಂದ ಗುಬ್ಬಿಗೆ ಬರಬೇಕಾದ ಮಗಳು ಕುಣಿಗಲ್ ಬಸ್ ಹತ್ತಿದ್ದಳು. ಹೆಬ್ಬೂರಿನಲ್ಲಿ ಇಳಿದು ಫೋನ್ ಮಾಡಿದಳು. ಬೋರ್ಡ್ ಮಂಜು ಮಂಜಾಗಿ ಕಂಡಿತಂತೆ. ಬಿ.ಕಾಂ. ಓದುವ ಹುಡುಗಿಗೆ ಬೋರ್ಡ್ ಕಾಣದಿರುವುದೇನು? ಮೊಬೈಲ್ ನೋಡುವುದು ಜಾಸ್ತಿಯಾಯಿತು ಎಂದು ಚೆನ್ನಾಗಿ ಬೈದೆ.

ನಾನು ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಕಣ್ಣಿನ ಕ್ಯಾಂಪ್ ಬಂದಾಗಲೆಲ್ಲ ವಯಸ್ಸಾದವರ ಪಟ್ಟಿ ಮಾಡುವವಳು. ಶುಗರ್ ಇದೆಯಾ, ಬೀಡಿ ಸೇದುತ್ತೀರಾ, ಬಿಸಿಲಲ್ಲಿ ಎಷ್ಟು ಹೊತ್ತು ಇರುತ್ತೀರಿ ಎಂದು ಕೇಳಿ ಕೇಳಿ ಬಾಯಿಪಾಠವಾಗಿದೆ. ಎಷ್ಟೋ ಅಜ್ಜಿಯರನ್ನು ಪೊರೆ ಆಪರೇಷನ್‌ಗೆ ಕೈಹಿಡಿದು ಕರೆದುಕೊಂಡು ಹೋಗಿದ್ದೇನೆ. ಮನೆಯಲ್ಲೇ ಇದ್ದವಳ ಕಣ್ಣು ನೋಡಲಿಲ್ಲ.

ತುಮಕೂರಿನ ಕಣ್ಣಾಸ್ಪತ್ರೆಯಲ್ಲಿ ಅಂದು ಬೆಂಚಿನ ತುಂಬ ಪೊರೆ ಬಂದ ವಯಸ್ಸಾದವರೇ. ಸಿಸ್ಟರ್ ಫೈಲ್ ಹಿಡಿದು ಬಂದು ನೇರವಾಗಿ ನನ್ನ ಕಣ್ಣಿಗೇ ಟಾರ್ಚ್ ಬಿಟ್ಟರು. ಪೇಷಂಟ್ ನನ್ನ ಮಗಳು ಕಾವ್ಯ ಎಂದೆ.

ಕಾವ್ಯಳಿಗೂ ಪೊರೆ.

ಹತ್ತೊಂಬತ್ತು ವರ್ಷಕ್ಕೆ.

ನಾನು ಊರಲ್ಲಿ ಕೇಳುವ ಪ್ರಶ್ನೆಗಳನ್ನೇ ಡಾಕ್ಟರ್ ಕೇಳಿದರು. ಶುಗರ್ ಇಲ್ಲ. ಕಣ್ಣಿಗೆ ಪೆಟ್ಟಾಗಿಲ್ಲ. ಡ್ರಾಪ್ಸ್ ಏನಾದರೂ ಹಾಕುತ್ತಿದ್ದೀರಾ ಎಂದರು. ತಕ್ಷಣ ವ್ಯಾನಿಟಿ ಬ್ಯಾಗಿನಿಂದ ಬಾಟಲಿ ತೆಗೆದುಕೊಟ್ಟೆ. ಮಗಳ ಔಷಧಿ ಸದಾ ಜೊತೆಗಿರುತ್ತದೆ ಎಂಬ ಹೆಮ್ಮೆ ಬೇರೆ.

ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ರಾಗಿ ಒಕ್ಕಣೆಯ ಧೂಳಿಗೆ ಕಣ್ಣು ಕೆಂಪಾಗಿ ಕೆರೆತ ಶುರುವಾಗಿತ್ತು. ಆಗ ಒಬ್ಬ ಡಾಕ್ಟರು ಹತ್ತು ದಿನಕ್ಕೆಂದು ಬರೆದುಕೊಟ್ಟ ಡ್ರಾಪ್ಸ್ ಅದು. ಎರಡೇ ದಿನಕ್ಕೆ ವಾಸಿಯಾಯಿತು. ಆಮೇಲೆ ಕಣ್ಣು ಉಜ್ಜಿಕೊಂಡಾಗಲೆಲ್ಲ ಖಾಲಿ ಬಾಟಲಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದನ್ನೇ ತರುತ್ತಿದ್ದೆ. ಆಶಾ ಮೇಡಂಗೆ ಗೊತ್ತಿಲ್ಲದ್ದೇನು ಎಂದು ಅಂಗಡಿಯವರು ಡಾಕ್ಟರ ಚೀಟಿ ಕೇಳುತ್ತಿರಲಿಲ್ಲ. ನನಗೂ ಹಾಗೆಯೇ ಅನಿಸಿತ್ತು. ಐದು ವರ್ಷ ಹಾಕಿದೆ.

"ಇದ್ರಲ್ಲಿ ಸ್ಟೀರಾಯ್ಡ್ ಇದೆ ಅಮ್ಮಾ. ಪೊರೆ ಬಂದಿರೋದು ಇದ್ರಿಂದ್ಲೇ," ಎಂದರು ಡಾಕ್ಟರ್. "ಪೊರೆ ತೆಗೀಬಹುದು. ಆದ್ರೆ ಕಣ್ಣೊಳಗಿನ ಪ್ರೆಷರ್ ಜಾಸ್ತಿ ಆಗಿ ಎಡಗಣ್ಣಿನ ನರ ತುಂಬಾ ಹಾಳಾಗಿದೆ. ಅದು ವಾಪಸ್ ಬರಲ್ಲ."

ಹಾಕಿದ್ದು ನಾನೇ.

ಹೊರಗೆ ಬಂದು ಯಜಮಾನರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಊಟ ಆಯಿತಾ ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು, ನನಗೆ ಅಷ್ಟಾದರೂ ಸಿಗಬೇಕಿತ್ತು.

ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಬಲಗಣ್ಣು ಚೆನ್ನಾಗಿದೆ, ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಎಡಗಡೆಯಿಂದ ಸ್ಕೂಟರ್ ಬಂದರೆ ಅವಳಿಗೆ ಗೊತ್ತಾಗುವುದಿಲ್ಲ. ಇಷ್ಟಾದರೂ ಉಳಿಯಿತಲ್ಲ ಎಂದು ದಿನಾ ಕೈಮುಗಿಯುತ್ತೇನೆ.

ಉಳಿದ ನರ ಕಾಪಾಡಲು ಜೀವನಪೂರ್ತಿ ಡ್ರಾಪ್ಸ್ ಬರೆದಿದ್ದಾರೆ. ಮೊದಲ ದಿನ ಬಾಟಲಿ ತೆಗೆದವಳು ಮತ್ತೆ ಕೆಳಗಿಟ್ಟೆ. ಅಪ್ಪನ ಕೈಲಿ ಹಾಕಿಸಿಕೋ ಎಂದೆ.

ಕಾವ್ಯ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟಳು.

"ಅಪ್ಪಂಗೆ ಬರಲ್ಲ ಕಣಮ್ಮ. ನೀನೇ ಹಾಕು."

ಎರಡೂ ಕಣ್ಣು ಅಗಲವಾಗಿ ತೆರೆದು ನನ್ನನ್ನೇ ನೋಡುತ್ತಾ ಮಲಗಿದಳು. ಒಂದಿಷ್ಟೂ ಹೆದರಲಿಲ್ಲ. ಚೀಟಿಯನ್ನು ಮೂರು ಸಲ ಓದಿ, ಒಂದೊಂದು ಹನಿ ಹಾಕಿದೆ.