ಪೆಟ್ಟಿಗೆ ಮುಚ್ಚುವ ಹೊತ್ತು

ಚಾಮರಾಜಪುರಂನ ಒಂದು ವಠಾರದ ಹಿಂದಿನ ಮನೆಯಲ್ಲಿರುವ ಕೃಪಾಮಣಿಯವರಿಗೆ ಎಪ್ಪತ್ತಮೂರು ವರ್ಷ. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಾಗಲಿಲ್ಲ. ವಠಾರದವರಿಗೆಲ್ಲ ಅವರು ಕೃಪಮ್ಮ. ಸಾಯುವುದಕ್ಕೆ ಅವರಷ್ಟು ಅಚ್ಚುಕಟ್ಟಾಗಿ ತಯಾರಾದವರು ಇಡೀ ಮೈಸೂರಿನಲ್ಲಿ ಇನ್ನೊಬ್ಬರು ಇರಲಾರರು.

ಮಂಚದ ಕೆಳಗೆ ಒಂದು ತಗಡಿನ ಟ್ರಂಕು. ಅದರೊಳಗೆ ಮದುವೆಯ ದಿನ ಉಟ್ಟ ಬಿಳಿ ರೇಷ್ಮೆ ಸೀರೆ, ಬಿಳಿ ಕಾಲುಚೀಲ, ಇಸ್ತ್ರಿ ಮಾಡಿದ ಕರ್ಚೀಫು, ಹಾಡಬೇಕಾದ ಮೂರು ಕೀರ್ತನೆಗಳ ಚೀಟಿ, ಜೊತೆಗೆ ಒಂದು ಪಟ್ಟಿ. ಅವರ ಚರ್ಚಿನ ಸಭೆಯ ಹಳೆಯ ಹೆಂಗಸರಲ್ಲಿ ಮದುವೆಯ ಸೀರೆಯಲ್ಲೇ ಮಣ್ಣಿಗೆ ಹೋಗುವ ಆಸೆ ಇದೆ. ಆಸೆ ಎಲ್ಲರಿಗೂ ಇರುತ್ತದೆ, ಪಟ್ಟಿ ಕೃಪಮ್ಮನಿಗೆ ಮಾತ್ರ ಇತ್ತು. ಮೊದಲು ಯಾರಿಗೆ ಫೋನ್ ಮಾಡಬೇಕು, ಪಾದ್ರಿ ಅಯ್ಯನವರಿಗೆ ಎಷ್ಟು ಹೊತ್ತಿಗೆ ಹೇಳಬೇಕು, ಬಂದವರಿಗೆ ಟೀ ಎಲ್ಲಿಂದ ತರಿಸಬೇಕು, ಎಲ್ಲಕ್ಕೂ ಅಂಕಿ ಹಾಕಿ ಬರೆಸಿದ್ದರು.

ಇದು ಕಸುಬಿನಿಂದ ಬಂದ ಬುದ್ಧಿ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯೊಂದರಲ್ಲಿ ವಾರ್ಡ್ ಆಯಾ ಆಗಿದ್ದವರು ಅವರು. ಸತ್ತವರ ಮೈ ಒರೆಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಉಡಿಸಿ ತೊಡಿಸಿ ಮನೆಯವರಿಗೆ ಒಪ್ಪಿಸುವ ಕೆಲಸ ಅವರದೇ. ಮೈ ಸೆಟೆದುಕೊಂಡ ಮೇಲೆ ತೋಳು ಬಾಗುವುದಿಲ್ಲ, ರವಿಕೆ ಹಾಕಲು ಬರುವುದಿಲ್ಲ. ಅದಕ್ಕೇ ತಮ್ಮ ಕೊನೆಯ ರವಿಕೆಯ ಬೆನ್ನು ಪೂರ್ತಿ ಬಿಡಿಸಿ ಎರಡು ಲಾಡಿ ಇಡಿಸಿದ್ದರು. "ಇದ್ಯಾವ ಫ್ಯಾಷನ್ನಮ್ಮ, ಬೆನ್ನೇ ಇಲ್ವಲ್ಲ?" ಎಂದು ಟೈಲರ್ ಮಹದೇವು ನಕ್ಕಿದ್ದ. "ಮಲಗಿದ್ಮೇಲೆ ಬೆನ್ನು ಯಾರು ನೋಡ್ತಾರಪ್ಪ?" ಎಂದಿದ್ದರು ಕೃಪಮ್ಮ. ಆಮೇಲೆ ಅವನು ನಗಲಿಲ್ಲ, ಬೇಗ ಹೊಲಿದು ಕೊಟ್ಟ.

"ನಾವಿಲ್ಲಿ ಬಾಡಿಗೆಯವರು, ಸ್ವಂತ ಮನೆ ಮೇಲಿದೆ" ಎನ್ನುವುದು ಅವರ ಮಾತು. ಗೋಡೆಗೆ ಸುಣ್ಣ ಹೊಡೆಸಿ ಎಂದರೂ ಅದೇ ಉತ್ತರ, ಕಣ್ಣಿನ ಪೊರೆ ತೆಗೆಸಿ ಎಂದರೂ ಅದೇ. ಇದರಲ್ಲಿ ಬೂಟಾಟಿಕೆ ಇರಲಿಲ್ಲ. ಸಾವಿರಾರು ಸಾವು ಕಂಡ ಹೆಂಗಸು, ಆಯುಷ್ಯ ಎಷ್ಟು ಗಿಡ್ಡ ಎಂದು ಅವರಿಗೆ ಯಾರೂ ಪ್ರಸಂಗ ಮಾಡಬೇಕಿರಲಿಲ್ಲ. ಪರಲೋಕವನ್ನು ಅವರು ನಿಜವಾಗಿ ನಂಬಿದ್ದರು. ಆದರೆ ನಂಬಿಕೆಯನ್ನೂ ಮೈಗಳ್ಳತನಕ್ಕೆ ಬಳಸಿಕೊಳ್ಳಬಹುದು ಎಂಬುದು ಅವರಿಗೆ ತಿಳಿದಿರಲಿಲ್ಲ.

ವಿಷಯ ತಂಗಿಯದು. ದಯಾಮಣಿ ಇದೇ ಊರಿನಲ್ಲಿ, ಗೋಕುಲಂನ ಮಗಳ ಮನೆಯಲ್ಲಿದ್ದಾಳೆ. ಆಟೋದಲ್ಲಿ ಹೋದರೆ ಇಪ್ಪತ್ತು ನಿಮಿಷದ ದಾರಿ. ಅಕ್ಕತಂಗಿಯರು ಮಾತಾಡಿ ಹದಿನಾರು ವರ್ಷವಾಗಿತ್ತು.

ತಾಯಿ ತೀರಿಕೊಂಡಾಗ ಏಪ್ರಿಲ್ ಬಿಸಿಲು. ದಯಾಮಣಿ ಆಗ ಕೊಳ್ಳೇಗಾಲದಲ್ಲಿದ್ದಳು. ಬೆಳಗ್ಗೆಯೇ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಪೆಟ್ಟಿಗೆ ಮುಚ್ಚುವ ಮುಂಚೆ ಮಕ್ಕಳು ಕೊನೆಯ ಸಲ ಮುಖ ನೋಡಿ ಹಣೆಗೆ ಮುತ್ತು ಕೊಡುವುದು ಅವರಲ್ಲಿ ಪದ್ಧತಿ. ನಾಲ್ಕು ಗಂಟೆಗೆ ಆರಾಧನೆ ಎಂದು ಹೇಳಿಯಾಗಿತ್ತು. "ಅರ್ಧ ಗಂಟೆ ಕಾಯೋಣಮ್ಮ" ಎಂದು ಅಯ್ಯನವರೇ ಹೇಳಿದರು. ಆಯಾ ಕೃಪಮ್ಮ ಒಪ್ಪಲಿಲ್ಲ. ವಾರ್ಡಿನಲ್ಲಿ ಹೊತ್ತು ಅಂದರೆ ಹೊತ್ತು. ನಾಲ್ಕಕ್ಕೆ ಮುಚ್ಚಳದ ತಿರುಪು ಬಿಗಿಸಿದರು. ನಾಲ್ಕು ಇಪ್ಪತ್ತಕ್ಕೆ ದಯಾಮಣಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬಂದಳು. ತೆಗೆಯಿರಿ ಎಂದು ಅತ್ತಳು. "ಮುಚ್ಚಿದ್ಮೇಲೆ ತೆಗೀಬಾರದು" ಎಂದರು ಕೃಪಮ್ಮ, ವಾರ್ಡಿನಲ್ಲಿ ಯಾರೋ ಹೊರಗಿನವರಿಗೆ ಹೇಳುವ ದನಿಯಲ್ಲಿ. ದಯಾಮಣಿ ಮರದ ಮುಚ್ಚಳಕ್ಕೇ ಮುತ್ತು ಕೊಟ್ಟು ಹೋದಳು.

ತಪ್ಪು ತಮ್ಮದೆಂದು ಕೃಪಮ್ಮನಿಗೆ ಅವತ್ತು ಸಂಜೆಯೇ ಗೊತ್ತಾಗಿತ್ತು. ಆದರೆ ಹೋಗಿ ಹೇಳಲಿಲ್ಲ. ಮೇಲೆ ಹೋದ ಮೇಲೆ ಹೇಗೂ ಸಿಗುತ್ತಾಳೆ, ಅಲ್ಲಿ ಯುಗಯುಗಾಂತರ ಸಮಯವಿದೆ, ಅಲ್ಲಿ ಕೇಳಿಕೊಂಡರಾಯಿತು ಎಂದುಕೊಂಡರು.

ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಟ್ರಂಕು ತೆಗೆದು ಸೀರೆಗೆ ಬಿಸಿಲು ಕಾಣಿಸುವುದು ಅವರ ರೂಢಿ. ಈ ವರ್ಷ ಪಟ್ಟಿಯನ್ನೂ ಹೊಸದಾಗಿ ಬರೆಸಬೇಕಾಗಿತ್ತು. ಹಳೆಯದರಲ್ಲಿದ್ದ ಇಬ್ಬರು ಕೃಪಮ್ಮನಿಗಿಂತ ಮೊದಲೇ ಹೊರಟುಹೋಗಿದ್ದರು. ಕಣ್ಣು ಮಂಜಾದ್ದರಿಂದ ತಾವು ಹೇಳುತ್ತಾ ಹೋದರು, ಟ್ರಂಕಿನ ಇನ್ನೊಂದು ಬೀಗದಕೈ ಇಟ್ಟುಕೊಂಡಿದ್ದ ಪಕ್ಕದ ಮನೆಯ ಇಂದ್ರಮ್ಮ ಬರೆದರು.

"ಏಳು. ನನ್ನ ತಂಗಿ ದಯಾಮಣಿ ಬರೋವರ್ಗೂ ಪೆಟ್ಟಿಗೆ ಮುಚ್ಚಬಾರದು."

ಇಂದ್ರಮ್ಮ ಪೆನ್ನು ನಿಲ್ಲಿಸಿದರು. "ಅವರ ನಂಬರ್ ಹೇಳಿ."

"ನಂಬರ್ ಇಲ್ಲ. ಗೋಕುಲಂ, ಮೂರನೇ ಹಂತ. ಮಗಳ ಹೆಸರು ಅನುಪಮಾ ಅಂತ."

"ಚೆನ್ನಾಯ್ತು! ಅವತ್ತು ನಿಮ್ಮನ್ನ ಇಲ್ಲಿ ಮಲಗಿಸ್ಬುಟ್ಟು ನಾನು ಗೋಕುಲಂ ಬೀದಿಬೀದಿ ಅಲೀಬೇಕಾ? ಜೀವ ಇದ್ದಾಗ ಒಂದ್ಸಲ ಹೋಗಿ ಬರಕ್ಕೆ ಏನ್ ಧಾಡಿ ನಿಮ್ಗೆ?"

"ಬಿಡಿ, ಇಲ್ಲಿ ಆಗ್ದಿದ್ರೆ ಮೇಲೆ ಸಿಕ್ತಾಳೆ. ಅಲ್ಲೇ ಮಾತಾಡ್ಕೋತೀನಿ."

ಇಂದ್ರಮ್ಮ ದಿನಾ ಚಾಮುಂಡಿಗೆ ದೀಪ ಹಚ್ಚುವವರು. ಸ್ವಲ್ಪ ಯೋಚಿಸಿ ಹೇಳಿದರು: "ನಿಮ್ ಪರಲೋಕದ ವಿಚಾರ ನಂಗೊತ್ತಿಲ್ಲ ಕಣ್ರೀ. ಆದ್ರೆ ಅಲ್ಲಿ ನಿಮ್ಮಮ್ಮನೂ ಇರ್ತಾರಲ್ವಾ? ನೀವೊಬ್ರೇ ಮೊದ್ಲು ಹೋದ್ರೆ, 'ಚಿಕ್ಕವಳು ಹೆಂಗಿದಾಳೆ?' ಅಂತ ಕೇಳಲ್ವಾ? ಏನ್ ಹೇಳ್ತೀರಿ?"

ಕೃಪಮ್ಮನಿಗೆ ಹೆದರಿಕೆಯಾಯಿತು. ಸಾವಿಗೆ ಎಂದೂ ಹೆದರದ ಹೆಂಗಸಿಗೆ ಅವತ್ತು ಸಾವಿನ ಹೆದರಿಕೆ ಹುಟ್ಟಿತು. ಸೀರೆ ಹಗ್ಗದ ಮೇಲೆ ಹಾಗೇ ಇತ್ತು. "ನೋಡ್ಕೋತಿರಿ" ಎಂದು ಚಪ್ಪಲಿ ಮೆಟ್ಟಿ ಆಟೋ ಹಿಡಿದರು.

ಗೋಕುಲಂನಲ್ಲಿ ಬಗಲಿಗೆ ಚಾಪೆಯ ಸುರುಳಿ ಸಿಕ್ಕಿಸಿಕೊಂಡು ಯೋಗಕ್ಕೆ ಹೊರಟ ವಿದೇಶಿ ಹುಡುಗಿಯೊಬ್ಬಳು ಮೂರನೇ ಹಂತದ ಬೀದಿ ತೋರಿಸಿದಳು. ಅಲ್ಲಿ ಅನುಪಮಾ ಹೆಸರು ಹೇಳಿ ಕೇಳುತ್ತಾ ಹೋಗಿ ಮನೆ ಹುಡುಕಿದರು. ಗ್ರಿಲ್ಲಿನ ಹಿಂದೆ ದಯಾಮಣಿ ಬಂದು ನಿಂತಳು. ತಲೆ ಪೂರ್ತಿ ನರೆತಿತ್ತು. ನಿಂತ ನಿಲುವಿನಲ್ಲಿ ಥೇಟ್ ಅಮ್ಮ.

"ದಯಾ, ಅವತ್ತು ನಾನು ಕಾಯ್ಬೇಕಿತ್ತು" ಎಂದರು ಕೃಪಮ್ಮ. ಬೇರೆ ಪೀಠಿಕೆ ಹಾಕಲು ಅವರಿಗೆ ಬರುತ್ತಿರಲಿಲ್ಲ.

ದಯಾಮಣಿ ಚಿಲಕಕ್ಕೆ ಕೈ ಹಾಕಲಿಲ್ಲ. "ಕೂತ್ಕೋ ಅಲ್ಲೇ. ಇಪ್ಪತ್ತು ನಿಮಿಷ" ಎಂದು ಒಳಗೆ ಹೋದಳು.

ಕೃಪಮ್ಮ ಮೆಟ್ಟಿಲ ಮೇಲೆ ಕೂತರು. ಬಿಸಿಲು ಮುಖಕ್ಕೇ ಬೀಳುತ್ತಿತ್ತು. ವಾಚು ನೋಡಿಕೊಂಡರು. ಐದು ನಿಮಿಷ. ಎಂಟು. ಅವತ್ತಿನ ಇಪ್ಪತ್ತು ನಿಮಿಷ ಎಷ್ಟು ಚಿಕ್ಕದಾಗಿತ್ತು, ಕಾದಿದ್ದರೆ ಏನೂ ಕೆಡುತ್ತಿರಲಿಲ್ಲ ಎಂದು ಹದಿನಾರು ವರ್ಷದಲ್ಲಿ ಮೊದಲ ಸಲ ಅಳು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಹಿಂದೆ ಚಿಲಕದ ಸದ್ದಾಯಿತು. ಹನ್ನೆರಡೇ ನಿಮಿಷ ಆಗಿತ್ತು.

"ಪೂರ್ತಿ ಕೂರಿಸ್ಬೇಕು ಅಂತಾನೇ ಇದ್ದೆ ಕಣಕ್ಕ, ಆಗ್ಲಿಲ್ಲ" ಎಂದು ದಯಾಮಣಿ ನೀರಿನ ಲೋಟ ಚಾಚಿದಳು. "ಅಮ್ಮನ ಮುಖ ಹೆಂಗಿತ್ತು ಹೇಳು."

ಕೃಪಮ್ಮ ಹೇಳಿದರು. ಹಣೆಯ ಮೇಲಿನ ಕೂದಲನ್ನು ಹೇಗೆ ಬಾಚಿದ್ದೆ, ಯಾವ ಕಡೆ ತುಟಿ ಸ್ವಲ್ಪ ಓರೆಯಾಗಿತ್ತು, ನಕ್ಕಂತೆಯೇ ಕಾಣುತ್ತಿತ್ತು ಎಂದು ಒಂದೂ ಬಿಡದೆ ಹೇಳಿದರು. ದಯಾಮಣಿ ಕಣ್ಣು ಮುಚ್ಚಿ ಕೇಳಿದಳು.

ಪಟ್ಟಿ ಈಗಲೂ ಟ್ರಂಕಿನಲ್ಲಿದೆ. ಆರನೆಯದು, ಸೀರೆ ಉಡಿಸುವುದು ದಯಾಮಣಿ. ಲಾಡಿ ಕಟ್ಟುವುದನ್ನು ತೋರಿಸಿಕೊಟ್ಟಿದೆ. ಏಳನೆಯದನ್ನು ಹೊಡೆದುಹಾಕಿ ಇಂದ್ರಮ್ಮನ ಕೈಯಲ್ಲಿ ಬೇರೆ ಬರೆಸಿದ್ದಾರೆ: "ಪೆಟ್ಟಿಗೆ ಮುಚ್ಚುವುದು ದಯಾಮಣಿ ಸಾಕು ಎಂದಾಗ."