ಅತ್ತೆಯವರ ಡಿಸೆಂಬರ್ ರಜೆ

ಚಳಿ ಬಿತ್ತೆಂದರೆ ನಮ್ಮ ಬೈಲಹೊಂಗಲದ ಓಣಿಗಳಲ್ಲಿ ಮುಂಜಾನೆ ಹತ್ತಿಗಿಡದ ಒಣ ಕಟಗಿಯ ಹೊಗೆ ಏಳುತ್ತಿತ್ತು. ಈಗ ಮನೆಮನೆಗೂ ಗೀಸರು ಬಂದಿದೆ. ಆದರೂ ಹಿಂದಿನ ಓಣಿಯ ಒಂದು ಮನೆಯವರು ಇನ್ನೂ ನೀರಿನ ಹಂಡೆಗೆ ಹತ್ತಿಕಟಗಿಯನ್ನೇ ಹಚ್ಚುತ್ತಾರೆ. ನಿನ್ನೆ ಆ ಹೊಗೆಯ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದರೂ ನನಗೆ ಗೊತ್ತಾಗಲಿಲ್ಲ. ನಾನು ನಮ್ಮ ಅತ್ತೆಯವರ ಕಾಲಕ್ಕೆ ಹೋಗಿಬಿಟ್ಟಿದ್ದೆ. ಹಂಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕಟಗಿ ಮುರಿದು ಹಾಕುವುದು ಅವರ ದಿನದ ಮೊದಲ ಕೆಲಸವಾಗಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಇಲ್ಲಿಯ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದೆ, ನಮ್ಮವರು ಹತ್ತಿ ಮಿಲ್ಲಿಗೆ ಹೋಗುತ್ತಿದ್ದರು. ಬಾಣಂತನ ಮುಗಿಸಿ ನಾನು ತವರಿನಿಂದ ಬಂದಾಗ ಅತ್ತೆ, "ಕೂಸು ಅಂಬೆಗಾಲ ಇಡೂತನಕ ಇರತೇನವಾ" ಎಂದು ಬಂದವರು. ಕೂಸು ಅಂಬೆಗಾಲಿಟ್ಟು, ನಡೆದು, ಶಾಲೆಗೂ ಹೋಯಿತು. ಅದರ ಬೆನ್ನಿಗೆ ಇನ್ನೊಂದು ಬಂತು. ಅತ್ತೆ ಇಲ್ಲೇ ಉಳಿದರು. ಮಾವನವರು ರಾಮದುರ್ಗದಲ್ಲಿ, ಹಿರಿಯ ಮಗನ ಬಟ್ಟೆ ಅಂಗಡಿಯ ಗಾದಿಯ ಮೇಲೆ ಉಳಿದರು. ಭಾವನಿಗೆ ಅಂಗಡಿಯಲ್ಲಿ ನಂಬಿಗಸ್ತರು ಬೇಕಿತ್ತು, ನನಗೆ ಮನೆಯಲ್ಲಿ. ಯಾರೂ ಕೂತು ಹಂಚಿಕೊಂಡದ್ದಲ್ಲ. ತನ್ನಿಂದ ತಾನೇ ಹಾಗಾಯಿತು ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ನಾನಂತೂ ಶಾಲೆಯಲ್ಲಿ ಪೌರನೀತಿ ಕಲಿಸುವವಳು. ಸ್ವಾತಂತ್ರ್ಯ, ಸಮಾನತೆ ಎಂದು ಮಕ್ಕಳಿಗೆ ಹೇಳಿ ಗಂಟಲು ಒಣಗಿಸಿಕೊಂಡು ಮನೆಗೆ ಬಂದರೆ, ಬಿಸಿ ರೊಟ್ಟಿ ಬುಟ್ಟಿಯಲ್ಲಿರುತ್ತಿತ್ತು.

ನಮ್ಮ ಶಾಲೆಗೆ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ರಜೆ ಕೊಡುತ್ತಿದ್ದರು. ನನಗೆ ರಜೆ ಎಂದರೆ ಅತ್ತೆಗೂ ರಜೆ. ಆಗ ಅವರು ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬಿಕೊಂಡು ರಾಮದುರ್ಗದ ಬಸ್ಸು ಹತ್ತುತ್ತಿದ್ದರು. ಹೊರಡುವ ಮೊದಲು ತಲೆಗೆ ಎಣ್ಣೆ ಹಚ್ಚಿಕೊಂಡು, ಬಿಗಿಯಾಗಿ ತುರುಬು ಕಟ್ಟಿಕೊಂಡು, ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆಯುತ್ತಿದ್ದರು. ಮೊಮ್ಮಕ್ಕಳನ್ನು ನೋಡುವ ಹುರುಪು ಎಂದು ನಾನು ತಿಳಿದಿದ್ದೆ. ಬೇಕಾದಷ್ಟು ಮೊಮ್ಮಕ್ಕಳು ಇಲ್ಲೇ ಅವರ ಬೆನ್ನ ಮೇಲೆ ಕೂತಿದ್ದರು ಎಂಬುದು ನನಗೆ ಹೊಳೆದಿರಲಿಲ್ಲ.

ಒಂದು ವರ್ಷ ಹಾಗೆ ಬಸ್ಸು ಹತ್ತಿಸಿ ಬಂದೆವು. ಸಂಜೆ ಪಕ್ಕದ ಮನೆಯವರ ಫೋನಿಗೆ ಭಾವನ ಕರೆ ಬಂತು. "ಅವ್ವ ಇನ್ನೂ ಬಂದಿಲ್ಲಲ್ಲೋ! ಅಕಿನ್ನ ಕರಕೊಂಡು ಬರತೇನಿ ಅಂತ ಅಪ್ಪ ಮುಂಜಾನೆ ಬಸ್‌ಸ್ಟ್ಯಾಂಡಿಗೆ ಹೋದಾಂವ, ಅವನೂ ಪತ್ತೆ ಇಲ್ಲ."

ಯಾರನ್ನು ಕೇಳುವುದು, ಎಲ್ಲಿ ಹುಡುಕುವುದು ಎನ್ನುವಷ್ಟರಲ್ಲಿ ಮತ್ತೊಂದು ಫೋನು, ಸವದತ್ತಿಯಿಂದ. ಮಾವನ ಹಳೆಯ ಗೆಳೆಯ ಹುಸೇನ್‌ಸಾಬ ಕಾಕಾ. ಲಾರಿ ಓಡಿಸಿ ದಣಿದು ಈಗ ಮನೆಯಲ್ಲೇ ಇದ್ದವರು. "ನಿಮ್ಮ ಅಪ್ಪ ಅವ್ವ ಇಬ್ರೂ ನಮ್ಮಲ್ಲೇ ಅದಾರ. ಮುಂದಿನ ಖೋಲಿ ಖಾಲಿ ಇತ್ತು, ಕೊಟ್ಟೇನಿ. ಫಿಕೀರ ಮಾಡಬ್ಯಾಡ್ರಿ" ಎಂದರು.

ಫಿಕೀರು ಮಾಡದೆ ಇರುವುದು ಹೇಗೆ? ರಾಮದುರ್ಗದಲ್ಲಿ ಏನಾದರೂ ಮನಸ್ತಾಪವಾಯಿತೆ, ಇಲ್ಲಾ ನಾನೇ ಏನಾದರೂ ಅಂದೆನೆ ಎಂದು ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಮರುದಿನ ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ಸವದತ್ತಿಗೆ ಹೊರಟೆವು. ಅಲ್ಲಿಯ ದೇವಿಯ ಗುಡ್ಡಕ್ಕೆ ಹೋಗುವ ಮಂದಿಯಿಂದ ಬಸ್ಸು ಕಿಕ್ಕಿರಿದಿತ್ತು. ಇಳಿಯುವಾಗ ನನ್ನ ಸೀರೆಗೂ ಅವರ ಅರಿಸಿನದ ಭಂಡಾರ ಮೆತ್ತಿಕೊಂಡಿತ್ತು.

ಹುಸೇನ್‌ಸಾಬರು ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ಒಳಗಿನಿಂದ ಜಗಳದ ದನಿ ಕೇಳುತ್ತಿತ್ತು.

"ಉಪ್ಪ ಕಮ್ಮಿ ಆಗಿದ್ರ ಹಾಕ್ಕೋಬೇಕು. ಮಾರಿ ಯಾಕ ಗಂಟ ಹಾಕ್ತೀರಿ?"

"ನನ್ನ ಮಾರಿ ಇರೂದ ಹಿಂಗ. ಇಷ್ಟ ವರ್ಷ ಆದಮ್ಯಾಲೆ ಇವತ್ತ ಕಂಡಿಯೇನು?"

"ಎಲ್ಲಿ ಕಾಣಬೇಕ್ರಿ? ನೀವು ರಾಮದುರ್ಗದಾಗ, ನಾ ಬೈಲಹೊಂಗಲದಾಗ!"

ನಮ್ಮವರು ಗಾಬರಿಯಿಂದ ಬಾಗಿಲಿಗೆ ನುಗ್ಗಲು ಹೋದರು. ಹುಸೇನ್‌ಸಾಬರು ಅವರ ತೋಳು ಹಿಡಿದರು. "ನಿಂದರಪಾ. ಬಂದಾಗಿಂದ ಹಿಂಗ ನಡದೈತಿ. ಭಾಳ ಖುಷಿಲೆ ಅದಾರ."

ಅಷ್ಟರಲ್ಲಿ ಒಳಗೆ ಯಾರೋ ನಕ್ಕರು. ಬಾಯ್ತುಂಬ, ತಡೆಯಿಲ್ಲದ ನಗು. ಹುಸೇನ್‌ಸಾಬರ ಹೆಂಡತಿ ಫಾತಿಮಾ ಚಾಚಿ ಇರಬೇಕು ಎಂದುಕೊಂಡೆ. ಒಳಗೆ ಹೋಗಿ ನೋಡಿದರೆ ನಕ್ಕವರು ನಮ್ಮ ಅತ್ತೆ. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದರೂ ಆ ನಗು ನನಗೆ ಗುರುತು ಸಿಗಲಿಲ್ಲ.

ನಮ್ಮನ್ನು ಕಂಡು ನಗು ನಿಂತಿತು. ನಮ್ಮವರು ನಿಂತಲ್ಲೇ ಶುರುಮಾಡಿದರು. "ಏನಿದು ಅವ್ವಾ? ಇಬ್ಬರು ಗಂಡಮಕ್ಕಳು ಇದ್ದು ಮತ್ತೊಬ್ಬರ ಮನ್ಯಾಗ ಇರೂದಂದ್ರ? ಮಂದಿ ಏನಂದಾರು? ನಡೀ, ಈಗ ಮನಿಗೆ ಹೋಗೂಣು."

"ರಜಾ ಮುಗೀಲೆಪ್ಪಾ, ಬರತೇನಿ" ಎಂದರು ಅತ್ತೆ.

"ರಾಮದುರ್ಗದಾಗ ಇರಾಕ ಬರತಿರಲಿಲ್ಲೇನು?"

ಅತ್ತೆ ನನ್ನ ಕಡೆ ತಿರುಗಿದರು. "ಅಲ್ಲಿ ಜಗಳಾ ಆಡಾಕೂ ಜಾಗಾ ಇಲ್ಲವಾ. ಅವರು ಅಂಗಡಿ ಮಾಳಿಗಿ ಮ್ಯಾಲ ಮಲಗತಾರ, ನಾ ಹುಡುಗೂರ ನಡುವ. ಒಂದ ಮಾತ ಆಡಬೇಕಂದ್ರ ಮನಿ ತುಂಬ ಕಿವಿ. ಉಂಡ್ರೇನ್ರಿ ಅಂತ ಕೇಳೂದರಾಗ ರಜಾ ಮುಗದಿರತೈತಿ."

ಮಾವ ಎದ್ದು, ಸ್ಟೋವಿಗೆ ಪಂಪು ಹೊಡೆದು ಚಹಾಕ್ಕಿಟ್ಟರು. ಅವರು ಒಲೆಯ ಹತ್ತಿರ ಹೋದದ್ದನ್ನು ನಾನು ನೋಡಿಯೇ ಇರಲಿಲ್ಲ. ನಾವು ಬೀಗರ ಹಾಗೆ ಚಾಪೆಯ ಮೇಲೆ ಕೂತೆವು. ಕಪ್ಪು ಕೈಗೆ ಕೊಡುತ್ತ ಅವರು ಮಗನಿಗೆ ಅಂದರು: "ನಿಮ್ಮನ್ನ ಹಂಚಿಕೊಂಡು ಬೆಳಸಲಿಲ್ಲೋ ತಮ್ಮಾ. ಇಬ್ಬರೂ ಕೂಡೇ ಬೆಳಸೀವಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು. ಅತ್ತೆ ಅದನ್ನೂ ಆಡಿತೋರಿಸಿದರು.

ನಾವಿಬ್ಬರೇ ತಿರುಗಿ ಬಂದೆವು. ಬಸ್ಸಿನಲ್ಲಿ ನಮ್ಮವರು ಗಾಳಿ ಬರುವ ಕಿಟಕಿ ಎಳೆದು ಮುಚ್ಚುತ್ತ, "ಮಾಳಿಗಿ ಮ್ಯಾಲ ಭಾಳ ಥಂಡಿ ಇರತೈತಿ" ಎಂದಷ್ಟೇ ಅಂದರು.

ಆಮೇಲೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಭಾವ ಮುನಿಸಿಕೊಂಡು ಯುಗಾದಿಯವರೆಗೆ ಮಾತು ಬಿಟ್ಟರು. ಮಾವನನ್ನು ನಾವು ಬೈಲಹೊಂಗಲಕ್ಕೆ ಕರೆತಂದೆವು. ಗಿರಾಕಿಗಳಿಲ್ಲದೆ, ಹರಟೆಯಿಲ್ಲದೆ ಅವರು ಒಣಗತೊಡಗಿದರು. ಒಂದು ದಿನ ತಾವೇ ಚೀಲ ಕಟ್ಟಿ ರಾಮದುರ್ಗಕ್ಕೆ ಮರಳಿದರು. ಮಕ್ಕಳು ದೊಡ್ಡವರಾದರು, ಅತ್ತೆ ಇಲ್ಲಿ ಮೊದಲಿನಷ್ಟು ಬೇಕಾಗಿರಲಿಲ್ಲ. ಆದರೆ ಅಷ್ಟರಲ್ಲಿ ರಾಮದುರ್ಗದ ಮನೆಗೆ ಭಾವನ ಸೊಸೆ ಬಂದು ಜಾಗ ಇನ್ನೂ ಕಿರಿದಾಗಿತ್ತು. ಹೀಗಾಗಿ ಡಿಸೆಂಬರ್ ಬಂದರೆ ಸವದತ್ತಿಯ ಖೋಲಿಯೇ ಗತಿಯಾಯಿತು. ಗತಿ ಎಂದು ನಾನು ಹೇಳುತ್ತೇನೆ. ಅವರಿಗೆ ಅದು ಹಬ್ಬ. ಚಾಚಿಯೂ ಅತ್ತೆಯೂ ಕೂಡಿ ಅವರೆಕಾಯಿ ಸುಲಿಯುತ್ತಿದ್ದರಂತೆ. ಗಂಡಸರಿಬ್ಬರೂ ಯಾವ ಕೆಲಸಕ್ಕೂ ಬಾರದ ಮಾತಾಡುತ್ತ ಕೋಟೆಯ ತನಕ ನಡೆದು ಬರುತ್ತಿದ್ದರಂತೆ.

ಮಾವ ತೀರಿಕೊಂಡದ್ದು ಒಂದು ಬೇಸಿಗೆಯಲ್ಲಿ, ರಾಮದುರ್ಗದಲ್ಲಿ. ಅತ್ತೆ ಹೆಚ್ಚು ಅಳಲಿಲ್ಲ. ಆ ವರ್ಷ ಡಿಸೆಂಬರಿನಲ್ಲಿ ನಾನು ಶಾಲೆಯಿಂದ ಬಂದರೆ ಅವರು ತಲೆಗೆ ಎಣ್ಣೆ ಹಚ್ಚಿಕೊಂಡು, ಚೀಲ ಇಟ್ಟುಕೊಂಡು ಕೂತಿದ್ದರು. "ರಜಾ ಬಂತಲ್ಲ" ಎಂದರು.

"ಒಬ್ಬರ ಹೆಂಗ ಇರತೀರಿ ಅತ್ತಿ? ನಾನೂ ಬರತೇನಿ" ಎಂದೆ.

"ನೀ ಬರಬ್ಯಾಡವಾ. ನಿನಗೂ ರಜಾ ಅಲ್ಲೇನು? ಗಂಡನ ಜೋಡಿ ಇರು" ಎಂದು ಹೊರಟುಹೋದರು. ಚಾಚಿಯ ಜೊತೆ ಇದ್ದು ಬಂದರು. ಇನ್ನೂ ಕೆಲವು ಚಳಿಗಾಲ ಹಾಗೆಯೇ ಹೋಗಿಬಂದರು.

ಈಗ ನನಗೆ ಅವರ ಆಗಿನ ವಯಸ್ಸು. ನಿನ್ನೆ ಚೆಲ್ಲಿದ ಹಾಲು ಒರೆಸುತ್ತಿರುವಾಗಲೇ ಗೋಕಾಕದಿಂದ ಮಗಳ ಫೋನು ಬಂತು. ಅವಳ ಕೂಸಿಗೆ ಈಗ ಐದನೇ ತಿಂಗಳು, ಅವಳ ಹೆರಿಗೆ ರಜೆ ಮುಗಿಯುತ್ತ ಬಂದಿದೆ. "ಮಮ್ಮಿ, ನೀ ಬಂದುಬಿಡು. ಪಪ್ಪಾ ಹೆಂಗೂ ಅಣ್ಣನ ಮನ್ಯಾಗ ಇರಬಹುದು. ಇಲ್ಲಿ ಜಾಗಾ ಸಣ್ಣದು, ನೋಡು."

ನಮ್ಮವರು ಪೇಪರು ಓದುತ್ತಿದ್ದವರು ಪುಟ ತಿರುಗಿಸದೆ ಹಾಗೇ ಹಿಡಿದು ಕೂತರು.

"ಕೂಸಿನ್ನ ನೋಡಾಕ ಬರತೇನವಾ. ಆದ್ರ ಬಂದ್ರ ಇಬ್ಬರೂ ಬರತೇವಿ" ಎಂದೆ.

"ಹಂಗಾದ್ರ ಒಂದ ಖೋಲಿ ಖಾಲಿ ಮಾಡಬೇಕಾಗತೈತಿ" ಎಂದಳು.

"ಮಾಡವಾ" ಎಂದೆ.