ಹೆದ್ದಾರಿ ಮತ್ತು ಎತ್ತಿನ ಗೆಜ್ಜೆ

ಗೆಳತಿಯರೇ, ಇವತ್ತು ನವಲಗುಂದದ ನಮ್ಮ ಮನೆಯೆದುರಿನ ಮೈಲುಗಲ್ಲಿಗೆ ಬಣ್ಣ ಬಳಿಯಲು ಬಂದವನು, "ಇನ್ನ ಮ್ಯಾಲೆ ಇದು ರಾಜ್ಯ ಹೆದ್ದಾರಿ ರೀ" ಎಂದ.

ಅತ್ತೆ ಹೊಸ್ತಿಲಲ್ಲೇ ನಿಂತು ಕೇಳಿದರು: "ಅಣ್ಣಿಗೇರಿಗೆ ಹತ್ತಿ ಗಾಡಿ ಹೋಗೂ ದಾರಿ ಇದು. ಈಗೇನು ಉದ್ದ ಬೆಳದೈತೇನಪಾ?"

"ಉದ್ದ ಮೊದಲಿನಷ್ಟ ಐತಿ ಯವ್ವಾ, ಹೆಸರಷ್ಟ ದೊಡ್ಡದಾತು."

ಅಷ್ಟರಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಮೂರು ರಾತ್ರಿ ಕಾಡಿ ಆಗತಾನೆ ಮಲಗಿದ್ದ ನನ್ನ ಕೂಸು ಬೆಚ್ಚಿ ಅತ್ತಿತು. ನನಗೂ ಅಳು ಬಂತು. ಅತ್ತೆ ಅಟ್ಟದಿಂದ ಹಳೆಯ ಎತ್ತಿನ ಗೆಜ್ಜೆಸರ ತಂದು ತೊಟ್ಟಿಲಿಗೆ ಕಟ್ಟಿದರು.

"ತೂಗವಾ. ನಿನ್ನ ಗಂಡ ಗಾಡಿ ಗೆಜ್ಜಿ ಕೇಳಕೋತನ ಮಲಗತಿದ್ದ."

ಕೂಸು ಮಲಗಿತು. ಆದರೆ ಗೆಜ್ಜೆ ನಿಂತರೆ ಏಳುತ್ತದೆ. ಹಾಗಾಗಿ ಒಂದು ಕೈಯಲ್ಲಿ ನಿಮಗೆ ಈ ಕಾಗದ ಬರೆಯುತ್ತ, ಇನ್ನೊಂದು ಕೈಯಲ್ಲಿ ಹತ್ತಿ ಗಾಡಿ ಹೊಡೆಯುತ್ತಿದ್ದೇನೆ.